ಕಣಜದ ಕೋಣೆಯಿಂದ ಬಂದವರು

"ಮುಟ್ಟಬೇಡಿ ಅಕ್ಕ. ಮೊದಲು ನೋಡಿ."

ಕೆಮ್ಮಣ್ಣ ಪೆಟ್ಟಿಗೆಯ ಮೇಲಿನ ಹರಿದ ಬಟ್ಟೆ ಸರಿಸಿ ಹಿಂದೆ ನಿಂತ. ಒಳಗೆ ಧಾನ್ಯದ ನುಚ್ಚು, ನುಚ್ಚಿನ ತುಂಬ ಬಲೆ ಕಟ್ಟಿಕೊಂಡ ಪತಂಗದ ಮರಿಹುಳುಗಳು. ಬೆಳಕು ಬಿದ್ದ ಕೂಡಲೇ ಅವು ನುಚ್ಚಿನೊಳಗೆ ನುಸುಳಬೇಕಿತ್ತು. ಇವು ಬಿದ್ದಲ್ಲೇ ಬಿದ್ದಿದ್ದವು. ಕೆಲವು ಬರೀ ಸಿಪ್ಪೆಯಾಗಿದ್ದವು. ಪಕ್ಕದಲ್ಲಿ ಅಕ್ಕಿಕಾಳಿಗಿಂತ ಸಣ್ಣ ಬಿಳಿ ಗೂಡುಗಳು ಗುಂಪುಗುಂಪಾಗಿ ಅಂಟಿಕೊಂಡಿದ್ದವು.

ಅಕ್ಕ ಬಗ್ಗಿ ನೋಡಿದಳು. ಅವಳು ಠಾಣೆಗೆ ಇನ್ಸ್‌ಪೆಕ್ಟರ್. ಆದರೆ ಪೇದೆಯಿಂದ ಹಿಡಿದು ಲಾಕಪ್ಪಿನ ಕಳ್ಳನವರೆಗೆ ಎಲ್ಲರ ಬಾಯಲ್ಲೂ ಅಕ್ಕನೇ. ಹಾಗೆ ಕರೆಯುವ ನಿಜವಾದ ಹಕ್ಕು ಇದ್ದವನು ಒಬ್ಬ ತಮ್ಮ. ಅವನು ಇದೇ ಪತಂಗದ ಕೋಣೆಯ ನೆಲದ ಮೇಲೆ ಉಸಿರು ಸಿಗದೆ ಸತ್ತು ಎರಡು ವಾರವಾಗುತ್ತ ಬಂದಿತ್ತು.

ಉಬ್ಬಸ ಅಂದರು ಡಾಕ್ಟರು. ಠಾಣೆಯವರು ಕಡತ ಮುಚ್ಚಿದರು. ಅಕ್ಕ ಮಾತ್ರ ರಜೆ ಹಾಕಿ, ಈ ಕೋಣೆಗೆ ಬೀಗ ಜಡಿದು, ಕೀ ತನ್ನ ಸೊಂಟಕ್ಕೆ ಸಿಕ್ಕಿಸಿಕೊಂಡು ಇಲ್ಲೇ ಕೂತುಬಿಟ್ಟಳು. ತಮ್ಮನ ಅಂಗಿ ಜೇಬು ಬಿಟ್ಟು ಕದಲದ ಇನ್ಹೇಲರ್ ಎಲ್ಲಿ ಹೋಯಿತು ಅಂತ ಅವಳು ಕೇಳದವರಿಲ್ಲ. ಗೊತ್ತು ಅಂದವರೂ ಇಲ್ಲ.

"ಕಣಜದ ಹುಳು ಬಿದ್ದಿದೆ," ಅಂದಳು.

"ಕಣಜವೇ." ಕೆಮ್ಮಣ್ಣ ಮಾಸ್ಕಿನೊಳಗೇ ಕೆಮ್ಮಿದ. ಪತಂಗದ ರೆಕ್ಕೆಯ ಪುಡಿ ಕುಡಿದು ಕುಡಿದು ಅವನಿಗೆ ಅಂಟಿದ ಕೆಮ್ಮು, ಕೆಮ್ಮಿನಿಂದ ಅಂಟಿದ ಹೆಸರು. "ಇವತ್ತು ಪೆಟ್ಟಿಗೆ ನೋಡೋಣ ಅಂತ ನೀವು ಬೀಗ ತೆಗೆದಿದ್ದಕ್ಕೆ ಗೊತ್ತಾಯ್ತು. ಇನ್ನು ಇದನ್ನೆಲ್ಲ ಸುಡಬೇಕು. ಯಜಮಾನ್ರು ಇದ್ದಿದ್ದರೆ ನನ್ನನ್ನೂ ಇದರ ಜೊತೆಗೇ ಸುಡ್ತಿದ್ರು."

"ಎಲ್ಲ ಪೆಟ್ಟಿಗೆಗೂ ಬಿದ್ದಿದೆಯಾ?"

"ಇಲ್ಲ. ಮೇಲಿನ ಸಾಲೆಲ್ಲ ಚೆನ್ನಾಗಿದೆ, ಬಟ್ಟೆ ಕಟ್ಟಿದ್ದು ಕಟ್ಟಿದ ಹಾಗೇ ಇದೆ. ಯಜಮಾನ್ರು ಬೀಳುವಾಗ ಎಳ್ಕೊಂಡ್ರಲ್ಲ, ಬಟ್ಟೆ ಹರಿದಿದ್ದು, ಇವಕ್ಕೆ ಮಾತ್ರ."

ಅಕ್ಕ ಅಲ್ಲೇ ಕುಕ್ಕರಗಾಲಲ್ಲಿ ಕೂತಳು. ಹರಿದ ಬಟ್ಟೆಯ ಅಂಚಿನಲ್ಲಿ ತಮ್ಮನ ಬೆರಳು ಹಿಡಿದ ಗುರುತು ಸುಕ್ಕಾಗಿ ಹಾಗೇ ಉಳಿದಿತ್ತು. ಅದನ್ನು ನೇವರಿಸಿ ಸರಿಮಾಡಬೇಕು ಅನ್ನಿಸಿತು. ಪೊಲೀಸ್ ಕೈ ಅದನ್ನು ಮುಟ್ಟಲಿಲ್ಲ.

ಜನ ಈ ಕಟ್ಟಡವನ್ನು ಹುಳಮನೆ ಅನ್ನುತ್ತಿದ್ದರು. ಪೈರಿನ ಹುಳು ಸಾಯಿಸೋಕೆ ಹುಳು ಸಾಕುವ ಮನೆ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಅನ್ನೋ ಗಾದೆಯನ್ನು ತಮ್ಮ ಹೊಟ್ಟೆಪಾಡು ಮಾಡಿಕೊಂಡಿದ್ದ. ಉದ್ದನೆಯ ಪಡಸಾಲೆ, ಒಂದು ತುದಿಗೆ ಪತಂಗದ ಕೋಣೆ, ಇನ್ನೊಂದು ತುದಿಗೆ ಕಣಜದ ಕೋಣೆ. ಪತಂಗವನ್ನು ಸಾಕುವುದೇ ಕಣಜಕ್ಕೆ ಉಣಿಸೋದಕ್ಕೆ. ಒಂದು ಜಾತಿಯ ಕಣಜ ಧೂಳಿನಷ್ಟು ಚಿಕ್ಕದು, ಪತಂಗದ ಮೊಟ್ಟೆಯೊಳಗೆ ತನ್ನ ಮೊಟ್ಟೆ ಇಟ್ಟುಬಿಡುತ್ತದೆ. ಅಂಥ ಮೊಟ್ಟೆ ಅಂಟಿಸಿದ ಕಾರ್ಡುಗಳನ್ನು ರೈತರು ಟೊಮೇಟೊ ಸಾಲಿನಲ್ಲಿ ಕಟ್ಟುತ್ತಾರೆ. ಕಣಜ ಹೊರಬಂದು ಕಾಯಿಕೊರಕದ ಮೊಟ್ಟೆ ಹುಡುಕಿಕೊಂಡು ಹೋಗುತ್ತದೆ. ಇನ್ನೊಂದು ಜಾತಿ ಸ್ವಲ್ಪ ದೊಡ್ಡದು. ಅದು ಮರಿಹುಳುವನ್ನೇ ಕುಟುಕಿ ಮಲಗಿಸುತ್ತದೆ, ಮಲಗಿದ ಹುಳುವನ್ನು ಅದರ ಮರಿಗಳು ತಿಂದು ಬಿಳಿ ಗೂಡು ಕಟ್ಟುತ್ತವೆ. ಹೊಲದಲ್ಲಿ ಅದು ದೇವರು, ಪತಂಗದ ಕೋಣೆಗೆ ಹೊಕ್ಕರೆ ಮಾರಿ.

ಅದಕ್ಕೇ ತಮ್ಮನದು ಒಂದೇ ಕಟ್ಟಳೆ. ಮೊದಲು ಪತಂಗ, ಆಮೇಲೆ ಕಣಜ. ಕಣಜದ ಕೋಣೆಗೆ ಹೋದವರು ಪತಂಗದ ಬಾಗಿಲು ಮುಟ್ಟಬೇಕಾದರೆ ತಲೆಯಿಂದ ಕಾಲಿನವರೆಗೆ ಸ್ನಾನ ಮಾಡಿ, ಬೇರೆ ಬಟ್ಟೆ ಹಾಕಿಕೊಂಡೇ ಬರಬೇಕು. ಕೂದಲಲ್ಲಿ ಒಂದು ಕಣಜ ಅಡಗಿ ಬಂದರೂ ಇಡೀ ಕೋಣೆ ಹಾಳು. ಅದಕ್ಕಾಗಿ ಎರಡು ಕೋಣೆಗಳ ನಡುವೆ ಒಂದು ಬಚ್ಚಲನ್ನೇ ಕಟ್ಟಿಸಿದ್ದ.

ಒಮ್ಮೆ ಅಕ್ಕನೇ ಮರೆತು ಆ ಬಾಗಿಲಿಗೆ ಕೈ ಹಾಕಿದ್ದಳು. ತಮ್ಮ ಹಿಂದುಮುಂದು ನೋಡದೆ ಒಂದು ಬಕೆಟ್ ನೀರು ಅವಳ ಖಾಕಿಯ ಮೇಲೆ ಸುರಿದಿದ್ದ. "ಇನ್ಸ್‌ಪೆಕ್ಟರ್ ಆದ್ರೇನು ಅಕ್ಕ, ಭುಜದ ಮೇಲಿನ ನಕ್ಷತ್ರ ಕಣಜಕ್ಕೆ ಓದೋಕೆ ಬರಲ್ಲ" ಅಂದಿದ್ದ. ಆ ದಿನ ಇಡೀ ಹುಳಮನೆ ನಕ್ಕಿತ್ತು, ಅವಳೂ ನಕ್ಕಿದ್ದಳು.

ಈಗ ಅವಳಿಗೆ ನಗು ಬರಲಿಲ್ಲ. ತಮ್ಮ ಬೀಳುವವರೆಗೆ ಈ ಪೆಟ್ಟಿಗೆಗಳ ಬಾಯಿ ಬಿಗಿದಿತ್ತು. ಬಿದ್ದ ಸಂಜೆಯೇ ಕೋಣೆಗೆ ಬೀಗ ಬಿತ್ತು. ಅಂದರೆ ಕಣಜ ಬಂದದ್ದು ಆ ನಡುವೆ, ಕಣಜದ ಕೋಣೆಯಿಂದ ನೇರವಾಗಿ ಬಂದ ಯಾರದೋ ಮೈಮೇಲೆ.

ತಮ್ಮ ಸಾಯುವಾಗ ಒಬ್ಬನೇ ಇರಲಿಲ್ಲ.

"ಯಜಮಾನ್ರೇ ತಂದಿರಬಹುದಾ?" ಅಂದ ಕೆಮ್ಮಣ್ಣ, ತನಗೇ ನಂಬಿಕೆಯಿಲ್ಲದ ದನಿಯಲ್ಲಿ.

"ಅವನಾ? ಊಟ ಬಿಟ್ಟಾನು, ಕಟ್ಟಳೆ ಬಿಡಲ್ಲ. ಕಣಜದ ಕೋಣೆಗೆ ಯಾರ್ಯಾರು ಹೋಗ್ತಾರೆ?"

"ಪುಟ್ಟಿ ಬಿಟ್ಟರೆ ಯಾರೂ ಇಲ್ಲ. ಒಂದು ಕೀ ಅವಳ ಹತ್ರ. ಇನ್ನೊಂದು ಮನೇಲಿ ಮೊಳೆಗೆ ನೇತು ಹಾಕಿದೆ, ಅದನ್ನ ಯಾರೂ ಮುಟ್ಟಲ್ಲ. ನಾನು ಪತಂಗದ ಕಡೆಯವನು. ಅಮ್ಮಾವ್ರು ಕಾರ್ಡಿಗೆ ಮೊಟ್ಟೆ ಅಂಟಿಸೋರು, ಅವರು ಆ ಕಡೆ ತಲೆ ಹಾಕೋದೇ ಇಲ್ಲ." ಅಷ್ಟು ಹೇಳಿದ ಮೇಲೆ ಅವನಿಗೆ ತಾನು ಯಜಮಾನರ ಮಗಳ ಹೆಸರನ್ನೇ ಹೇಳಿದೆ ಅನ್ನುವುದು ಹೊಳೆಯಿತು. "ಅಲ್ಲ ಅಕ್ಕ, ಪುಟ್ಟಿ ಅವತ್ತು ಇರಲೇ ಇಲ್ಲವಲ್ಲ. ಕಾರ್ಡು ಕಟ್ಟೋಕೆ ಹೊಲಕ್ಕೆ ಹೋಗಿದ್ಲು."

"ಹೌದು, ಹಾಗಂತ ಅವಳು ಹೇಳಿದ್ದಾಳೆ."

ಕೆಮ್ಮಣ್ಣನನ್ನು ಅನುಮಾನಿಸುವ ಹಾಗಿರಲಿಲ್ಲ. ಆ ದಿನ ಅವನು ಮಗಳ ಹೆರಿಗೆಗೆಂದು ಆಸ್ಪತ್ರೆಯಲ್ಲಿದ್ದ. ದಾದಿಯರೆಲ್ಲ ಅವನ ಕೆಮ್ಮನ್ನು ನೆನಪಿಟ್ಟುಕೊಂಡಿದ್ದರು. ನಿನ್ನೆಯವರೆಗೆ ಅಕ್ಕನ ಕಣ್ಣಿದ್ದದ್ದು ಪೇಟೆಯ ಔಷಧಿ ಅಂಗಡಿಯವನ ಮೇಲೆ. ತಮ್ಮನ ಕಾರ್ಡು ಹೊಲ ಹೊಲಕ್ಕೆ ಹೋದಷ್ಟೂ ಅವನ ಸಿಂಪಡಣೆ ಡಬ್ಬಗಳು ಧೂಳು ತಿನ್ನುತ್ತಿದ್ದವು. ಅವನೇ ಆಗಿರಲಿ ಅಂತ ಅವಳು ಆಸೆಪಟ್ಟದ್ದೂ ಉಂಟು. ಹೊರಗಿನವನಾದರೆ ಕೈಗೆ ಕೋಳ ತೊಡಿಸಿ ಮನೆಗೆ ಬಂದು ಅಳಬಹುದು. ಮನೆಯವರೇ ಆದರೆ ಯಾರ ಹತ್ತಿರ ಅಳೋದು ಅಂತ ಅವಳಿಗೆ ತಿಳಿಯಲಿಲ್ಲ.

ಅವಳಿಗೆ ಮಕ್ಕಳಿರಲಿಲ್ಲ. ಪುಟ್ಟಿಯನ್ನು ಎತ್ತಿ ಆಡಿಸಿದವಳು, ಸೈಕಲ್ ಕಲಿಸಿದವಳು, ತಮ್ಮ ಬೈದಾಗಲೆಲ್ಲ ಸೆರಗಿನಲ್ಲಿ ಬಚ್ಚಿಟ್ಟವಳು ಅವಳೇ. ಆ ಸಂಜೆ ಫೋನ್ ಬಂದಾಗ ಸಮವಸ್ತ್ರದಲ್ಲೇ ಜೀಪು ಓಡಿಸಿಕೊಂಡು ಬಂದಿದ್ದಳು. ಠಾಣೆ ಇಲ್ಲಿಗೆ ಕೂಗಳತೆ. ಪಡಸಾಲೆಯಲ್ಲಿ ತಮ್ಮನ ಹೆಂಡತಿ ಕುಸಿದು ಕೂತಿದ್ದಳು. ಪೇಟೆಯಿಂದ ಬಂದವಳು ಚೀಲ ಇಳಿಸುವ ಮೊದಲೇ ಗಂಡನನ್ನು ಕಂಡಳಂತೆ, ತರಕಾರಿ ಚೀಲ ಅಲ್ಲೇ ಉರುಳಿತ್ತು. ಅಷ್ಟರಲ್ಲಿ ಪುಟ್ಟಿ ಹೊಲದ ಕಡೆಯಿಂದ ಓಡಿ ಬಂದಳು. ಅಕ್ಕ ನೆಲಕ್ಕೆ ಕೂತು ತಾಯಿಯನ್ನು ಒಂದು ಭುಜಕ್ಕೆ, ಮಗಳನ್ನು ಇನ್ನೊಂದು ಭುಜಕ್ಕೆ ಒರಗಿಸಿಕೊಂಡಳು. ಎದ್ದಾಗ ಅಂಗಿಯ ಎರಡೂ ಭುಜ ನೆಂದು ತೊಪ್ಪೆಯಾಗಿದ್ದವು. ಅಷ್ಟೊಂದು ಕಣ್ಣೀರು. ಆ ಅಂಗಿಯನ್ನು ಒಗೆಯಲು ಅವಳಿಗೆ ಇನ್ನೂ ಮನಸ್ಸು ಬಂದಿರಲಿಲ್ಲ.

"ಪೆಟ್ಟಿಗೆ ಸುಡಬೇಡ," ಅಂದಳು ಅಕ್ಕ ಏಳುತ್ತ. "ಬಾಗಿಲು ಹಾಕು."

"ಈ ವಾರ ರೈತರು ಕಾರ್ಡು ಕೇಳ್ಕೊಂಡು ಬರ್ತಾರೆ. ಹೂವು ಕಚ್ಚೋ ಹೊತ್ತು."

"ಬರಲಿ. ನಾನು ಹೇಳ್ತೀನಿ."

ಪಡಸಾಲೆ ಉದ್ದಕ್ಕೆ ನಡೆದಳು. ಬಚ್ಚಲು ದಾಟುವಾಗ ಕಾಲು ತಾನಾಗಿ ನಿಧಾನವಾಯಿತು. ಮೊಳೆಯ ಮೇಲೆ ತಮ್ಮನ ಟವೆಲ್ ಒಣಗಿ ಗರಿಗರಿಯಾಗಿತ್ತು. ಪತಂಗದಿಂದ ಕಣಜದ ಕಡೆಗೆ ಹೋಗುವವರಿಗೆ ಸ್ನಾನ ಬೇಡ. ಕಟ್ಟಳೆಯ ಪ್ರಕಾರವೇ ಅವಳು ಹೋಗುತ್ತಿದ್ದಳು.

ಕಣಜದ ಕೋಣೆಯ ಕಿಟಕಿಗೆ ಕಪ್ಪು ಕಾಗದ. ಒಂದೇ ಒಂದು ಬಲ್ಬು. ಮೇಜಿನ ಮೇಲೆ ಬಾಯಿಗೆ ಬಟ್ಟೆ ಕಟ್ಟಿದ ಗಾಜಿನ ಕೊಳವೆಗಳ ಸಾಲು. ಒಳಗೆ ಜೇನಿನ ಒಂದೊಂದು ಗೆರೆ, ಅದನ್ನು ನೆಕ್ಕುವ ಕಣಜಗಳು. ಪುಟ್ಟಿ ಕೊಳವೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅಪ್ಪನ ಹಾಗೇ ಒಂದು ಕಣ್ಣು ಮುಚ್ಚಿಕೊಂಡು.

"ಬಾಗಿಲು ಹಾಕ್ಕೋ ಅತ್ತೆ. ಹಾರಿ ಹೋಗುತ್ತವೆ."

ಅಕ್ಕ ಬಾಗಿಲು ಹಾಕಿ ಸ್ಟೂಲ್ ಎಳೆದುಕೊಂಡಳು. "ಪುಟ್ಟಿ, ಪತಂಗದ ಪೆಟ್ಟಿಗೆಗೆ ಕಣಜ ಬಿದ್ದಿದೆ."

ಕೊಳವೆ ಹಿಡಿದ ಕೈ ನಿಂತಿತು. "ಯಾವ ಪೆಟ್ಟಿಗೆಗೆ?"

"ಅಪ್ಪ ಬಿದ್ದ ಜಾಗದ್ದು."

ಪುಟ್ಟಿ ಕೊಳವೆಯನ್ನು ಸ್ಟ್ಯಾಂಡಿನಲ್ಲಿ ಇಟ್ಟಳು. ಬಟ್ಟೆಯ ದಾರ ಸರಿಯಾಗಿದೆಯಾ ಅಂತ ನೋಡಿದಳು. ಸರಿಯಾಗಿಯೇ ಇತ್ತು, ಆದರೂ ಬಿಚ್ಚಿ ಮತ್ತೆ ಕಟ್ಟಿದಳು.

"ನೀನು ಅವತ್ತು ಹೊಲದಲ್ಲಿ ಇರಲಿಲ್ಲ," ಅಂದಳು ಅಕ್ಕ.

"ಇದ್ದೆ."

"ಪುಟ್ಟಿ, ನಾನು ಯಾರ್ಯಾರ ಸುಳ್ಳನ್ನೋ ಕೇಳಿ ಸಂಬಳ ತಗೊಂಡವಳು. ನಿನ್ನ ಸುಳ್ಳನ್ನೂ ಕೇಳಿಸ್ಕೋಬೇಕಾ? ಹೊಲದವರು ನೀನು ಬೇಗ ಹೊರಟೆ ಅಂತಾರೆ. ನಾನೇ ಇಲ್ಲೀವರೆಗೆ ಅದನ್ನ ದೊಡ್ಡದು ಮಾಡಲಿಲ್ಲ."

ಬಲ್ಬಿನ ಸುತ್ತ ತಪ್ಪಿಸಿಕೊಂಡ ಒಂದು ಕಣಜ ಸುತ್ತುತ್ತಿತ್ತು.

"ಅಪ್ಪನ ಹತ್ರ ಹೋದೆಯಾ?"

"ಹೋದೆ."

"ಇಲ್ಲಿಂದ?"

"ಇಲ್ಲಿಂದಲೇ." ಅವಳ ದನಿ ಬಹಳ ಸಣ್ಣದಾಯಿತು. "ಹೊಲದಲ್ಲಿ ಕೆಲಸ ಬೇಗ ಮುಗೀತು. ಹಿಂದಿನ ಬಾಗಿಲಿಂದ ಬಂದು ಕೊಳವೆಗೆ ಜೇನು ಬಿಡ್ತಿದ್ದೆ. ಅಪ್ಪ ಕೆಮ್ಮೋದು ಕೇಳಿಸ್ತು. ಪತಂಗದ ಕೋಣೆಯಿಂದ. ಡಾಕ್ಟರು ಅಲ್ಲಿಗೆ ಕಾಲಿಡಬೇಡಿ ಅಂದಿದ್ರು, ಆದರೂ ಹೋಗಿದ್ದಾರೆ ಅಂತ ಸಿಟ್ಟು ಬಂತು. ಆಮೇಲೆ ಕೆಮ್ಮು ಬೇರೆ ಥರ ಆಯ್ತು."

"ಆಮೇಲೆ?"

"ಓಡಿದೆ ಅತ್ತೆ. ಬಾಗಿಲ ಹತ್ರದವರೆಗೂ ಓಡಿದೆ. ಚಿಲಕಕ್ಕೆ ಕೈ ಇಟ್ಟೆ." ಅವಳು ತನ್ನ ಅಂಗೈಯನ್ನು ಬಿಡಿಸಿ ನೋಡಿದಳು. "ಆಗ ನೆನಪಾಯ್ತು, ನನ್ನ ಮೈಮೇಲೆ ಕಣಜ ಇದೆ ಅಂತ."

ಅಕ್ಕನಿಗೆ ಮುಂದಿನದು ಬೇಡವಾಗಿತ್ತು.

"ಸ್ನಾನಕ್ಕೆ ಹೋದೆ," ಅಂದಳು ಪುಟ್ಟಿ. "ಚಿಕ್ಕಂದಿನಿಂದ ಹಾಗೇ ಅಲ್ವಾ? ಒಂದು ಸಲ ನಾನು ಬಿದ್ದು ಮಂಡಿ ಒಡ್ಕೊಂಡು ಅಳ್ತಾ ಆ ಬಾಗಿಲಿಗೆ ಬಂದಾಗಲೂ, ಮೊದಲು ಸ್ನಾನ ಮಾಡ್ಕೊಂಡು ಬಾ ಅಂದಿದ್ರು. ಬಟ್ಟೆ ಬಿಚ್ಚಿ ನೀರು ಹುಯ್ಕೊಂಡೆ. ಗೋಡೆ ಆಚೆ ಕೆಮ್ತಾನೇ ಇದ್ರು. ಕೂದಲಲ್ಲಿ ಕೂತಿರುತ್ತೆ ಅಂತ ತಲೆಗೂ ಹುಯ್ಕೊಂಡೆ. ಆಮೇಲೆ ಕೆಮ್ಮು ನಿಂತಿತು."

ಅವಳು ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಳು.

"ಸದ್ಯ, ಅಪ್ಪನಿಗೆ ಆರಾಮಾಯ್ತು ಅಂದ್ಕೊಂಡೆ ಅತ್ತೆ. ಅದಕ್ಕೆ ಇನ್ನೂ ಎರಡು ಚೊಂಬು ಜಾಸ್ತಿನೇ ಹುಯ್ಕೊಂಡೆ."

ಅಕ್ಕ ಎದ್ದು ಹೋಗಿ ಹುಡುಗಿಯನ್ನು ಎದೆಗೆ ಒತ್ತಿಕೊಂಡಳು. ನಿನ್ನದೇನೂ ತಪ್ಪಿಲ್ಲ ಅಂದರೆ ಪುಟ್ಟಿ ನಂಬುವುದಿಲ್ಲ, ಇದನ್ನು ಹೊತ್ತುಕೊಂಡೇ ಅವಳು ಇನ್ನೆಷ್ಟು ವರ್ಷ ಬದುಕಬೇಕೋ. ತಮ್ಮನ ಮೇಲೆ ಮೊದಲ ಬಾರಿಗೆ ಸಿಟ್ಟು ಬಂತು. ಸತ್ತವನ ಮೇಲಿನ ಸಿಟ್ಟು, ಎಲ್ಲಿಗೂ ಹೋಗುವ ಹಾಗಿರಲಿಲ್ಲ, ಅಳುವಾಗಿ ಹೊರಬಂತು. ಇಬ್ಬರೂ ಅತ್ತರು. ಕೊಳವೆಗಳಲ್ಲಿ ಕಣಜಗಳು ಜೇನು ನೆಕ್ಕುತ್ತಲೇ ಇದ್ದವು.

"ಬಂದಾಗ ಬಿದ್ದಿದ್ರು," ಪುಟ್ಟಿ ಅವಳ ಎದೆಯಲ್ಲೇ ಹೇಳಿದಳು. "ಅಲ್ಲಾಡಿಸಿದೆ. ಜೇಬು ತಡಕಿದೆ, ಇನ್ಹೇಲರ್ ಇರಲಿಲ್ಲ. ಯಾರೋ ಬರೋ ಸದ್ದಾಯ್ತು. ನೀನು ಏನು ಮಾಡ್ತಿದ್ದೆ ಅಂತ ಕೇಳಿದ್ರೆ ಸ್ನಾನ ಮಾಡ್ತಿದ್ದೆ ಅಂತ ಹೇಗೆ ಹೇಳಲಿ? ಹಿಂದಿನ ಬಾಗಿಲಿಂದ ಓಡಿಹೋದೆ. ಅಮ್ಮ ಕಿರುಚಿದ ಮೇಲೆ ಹೊಲದಿಂದ ಬಂದವಳ ಹಾಗೆ ಬಂದೆ."

ಅಕ್ಕ ಅವಳ ತಲೆ ನೇವರಿಸಿದಳು. ಕೂದಲು ಒಣಗಿ ಮೃದುವಾಗಿತ್ತು. ಆ ಸಂಜೆ ಹೀಗಿರಲಿಲ್ಲ, ನೀರು ತೊಟ್ಟಿಕ್ಕುತ್ತಿತ್ತು. ಬಿಸಿಲಿನಲ್ಲಿ ಹೊಲದಿಂದ ಬಂದ ಹುಡುಗಿಯ ತಲೆ ಯಾಕೆ ಒದ್ದೆ ಅಂತ ಬೇರೆಯವರ ಮನೆಯಾಗಿದ್ದರೆ ಅವಳು ಬಾಗಿಲಲ್ಲೇ ಕೇಳುತ್ತಿದ್ದಳು. ತನ್ನ ಮನೆಯಲ್ಲಿ ಕಣ್ಣೀರು ಅಂದುಕೊಂಡು ಸುಮ್ಮನಾಗಿದ್ದಳು.

ಅಂದರೆ ಪುಟ್ಟಿ ಹೇಳಿದ್ದು ನಿಜ. ನಿಜ ಅಂದ ಕೂಡಲೇ ಇನ್ನೊಂದು ವಿಷಯ ಅವಳ ಕೈಯನ್ನು ಹುಡುಗಿಯ ತಲೆಯ ಮೇಲೇ ನಿಲ್ಲಿಸಿತು.

"ಪುಟ್ಟಿ. ಮೈ ಪೂರ್ತಿ ತೊಳ್ಕೊಂಡೆ ಅಂದೆ. ಬಟ್ಟೆ?"

"ಬೇರೆ ಹಾಕ್ಕೊಂಡೆ. ಬಚ್ಚಲ ಕಪಾಟಿನಲ್ಲಿ ಒಗೆದಿದ್ದು ಯಾವಾಗಲೂ ಇರುತ್ತಲ್ಲ."

"ಅಂದ್ರೆ ಕಣಜ ನಿನ್ನ ಜೊತೆ ಹೋಗಿಲ್ಲ."

ಪುಟ್ಟಿ ತಲೆ ಎತ್ತಿದಳು. ಮೂಗು ಕೆಂಪಾಗಿತ್ತು, ಕಣ್ಣು ಊದಿತ್ತು. ಆದರೂ ಅವಳು ಅಪ್ಪನ ಮಗಳು, ಕಸುಬಿನ ಲೆಕ್ಕ ತಕ್ಷಣ ಹಿಡಿಯಿತು. "ಹೋಗೋಕೆ ಸಾಧ್ಯವೇ ಇಲ್ಲ. ನನಗಿಂತ ಮೊದಲು ಯಾರೋ ಸ್ನಾನ ಮಾಡದೆ ಹೋಗಿರಬೇಕು."

"ನೀನು ಬಂದಾಗ ಈ ಕೋಣೆ ಬೀಗ?"

"ತೆಗೆದೇ ಇತ್ತು. ಬೆಳಿಗ್ಗೆ ನಾನೇ ಮರೆತಿದ್ದೀನಿ ಅಂದ್ಕೊಂಡೆ." ಅವಳು ಬಚ್ಚಲಿನ ಕಡೆಗೆ ತಿರುಗಿದಳು. "ಬಚ್ಚಲ ನೆಲಾನೂ ಆಗಲೇ ಒದ್ದೆ ಇತ್ತು ಅತ್ತೆ. ಸೋಪೂ ಒದ್ದೆ. ಅಪ್ಪ ಸ್ನಾನ ಮಾಡಿ ಆ ಕೋಣೆಗೆ ಹೋಗಿರಬೇಕು ಅಂದ್ಕೊಂಡೆ."

ತಮ್ಮ ಸ್ನಾನ ಮಾಡಿರಲಿಲ್ಲ. ಅವನ ತಲೆ ಒಣಗಿತ್ತು, ಪತಂಗದ ಬೂದು ಪುಡಿ ಕೂದಲ ತುಂಬ ಕೂತಿತ್ತು. ಹುಬ್ಬಿನ ಮೇಲಿನ ಪುಡಿಯನ್ನು ಅಕ್ಕನೇ ಬೆರಳಿನಿಂದ ಒರೆಸಿದ್ದಳು.

ಯಾರೋ ಕಣಜದ ಕೋಣೆಯಿಂದ ನೇರವಾಗಿ ಅವನ ಹತ್ತಿರ ಹೋಗಿದ್ದರು. ಅವನು ಕೆಮ್ಮುತ್ತಿರುವಾಗಲೇ ಎದ್ದು ಬಂದಿದ್ದರು. ಬಂದು, ಮೈಮೇಲೆ ಕೂತ ಆ ಬೂದು ಪುಡಿಯನ್ನು ತಲೆಯಿಂದ ಕಾಲಿನವರೆಗೆ ತೊಳೆದುಕೊಂಡಿದ್ದರು. ಒಗೆದ ಬಟ್ಟೆ ಎಲ್ಲಿರುತ್ತದೆ ಅಂತ ಬಲ್ಲವರು, ಮನೆಯ ಮೊಳೆಯ ಮೇಲಿನ ಕೀ ಕೈಗೆ ಸಿಗುವವರು.

ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ. ಅಕ್ಕ ಪೇಟೆ ಹುಡುಕಿದ್ದಳು, ಔಷಧಿ ಅಂಗಡಿಯ ಗೋದಾಮು ಹುಡುಕಿದ್ದಳು, ಆಸ್ಪತ್ರೆಯ ದಾದಿಯರನ್ನು ಎಬ್ಬಿಸಿ ಕೇಳಿದ್ದಳು.

ಬಾಗಿಲನ್ನು ಯಾರೋ ಮೆಲ್ಲಗೆ ತಟ್ಟಿದರು.

"ಅಕ್ಕ, ಒಳಗಿದ್ದೀರಾ?" ತಮ್ಮನ ಹೆಂಡತಿಯ ದನಿ. ಅತ್ತು ಅತ್ತು ಒಡೆದುಹೋದ ದನಿ, ಅದರಲ್ಲಿ ನಟನೆ ಇರಲಿಲ್ಲ. "ಊಟ ಆರಿಹೋಗ್ತಿದೆ. ಪುಟ್ಟೀನೂ ಕರ್ಕೊಂಡು ಬನ್ನಿ. ನೀವಿಬ್ಬರೂ ಇಲ್ಲದೆ ನನಗೆ ಒಂದು ತುತ್ತೂ ಇಳಿಯಲ್ಲ."

"ಬಂದೆ ಅಮ್ಮ," ಅಂದಳು ಪುಟ್ಟಿ, ಮುಖ ಒರೆಸಿಕೊಳ್ಳುತ್ತ.

ಅಕ್ಕ ಅವಳ ಮಣಿಕಟ್ಟು ಹಿಡಿದು ನಿಲ್ಲಿಸಿದಳು. ಯಾಕೆ ಅನ್ನುವಂತೆ ಹುಡುಗಿ ನೋಡಿದಳು. ಮನೆಯಲ್ಲಿ ಮಡಿಚಿಟ್ಟ, ಇನ್ನೂ ಒಗೆಯದ ಆ ಖಾಕಿ ಅಂಗಿ ಅವಳ ಕಣ್ಣ ಮುಂದಿತ್ತು. ಆ ಸಂಜೆ ಎಡಭುಜಕ್ಕೆ ಒರಗಿದ್ದವಳು ಪುಟ್ಟಿ, ಸ್ನಾನ ಮಾಡಿ ಒದ್ದೆ ತಲೆಯಲ್ಲಿ ಬಂದವಳು.

ಬಲಭುಜಕ್ಕೆ ಒರಗಿದ್ದವಳು ಬಿಸಿಲಲ್ಲಿ ಪೇಟೆಯಿಂದ ಬಂದು, ಇನ್ನೂ ಚೀಲವನ್ನೂ ಇಳಿಸಿರಲಿಲ್ಲ. ಆ ಭುಜವೂ ಅಷ್ಟೇ ಒದ್ದೆಯಾಗಿತ್ತು.